ಆಫೀಸಿನ ಮೇಜು ಎಲ್ಲಿಡುವುದು

ಮನೆಯಲ್ಲಿ ಕೂತು ಕೆಲಸ ಮಾಡುವವರ ಬಗ್ಗೆ ನಮ್ಮ ಕಡೆ ಒಂದು ಸಿದ್ಧಾಂತವಿದೆ. ಕೂತಿದ್ದಾರೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಕೆಲಸ ಮಾಡುತ್ತಿದ್ದಾರೆ ಎಂಬುದು ಕೂತವರ ಹೇಳಿಕೆ ಮಾತ್ರ. ಕಂಡದ್ದಕ್ಕೂ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಕಂಡದ್ದೇ ಪ್ರಮಾಣ. ತರ್ಕದ ಲೆಕ್ಕದಲ್ಲಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ನಾನು ಹುಡುಕಿದ್ದೇನೆ, ಸಿಕ್ಕಿಲ್ಲ.

ಪುತ್ತೂರಿನಲ್ಲಿ ಕಾಲೇಜು ಓದುವಾಗ ನಾನು ಚರ್ಚಾ ಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಚೀಟಿಯಲ್ಲಿ ಬಂದದ್ದನ್ನು ಆ ಹೊತ್ತಿಗೆ ಪ್ರಾಮಾಣಿಕವಾಗಿ ನಂಬುತ್ತಿದ್ದೆ. ಅದರಿಂದ ನನಗೆ ಬಂದದ್ದು ಕೆಲವು ಫಲಕಗಳು ಮತ್ತು ಯಾರು ಏನು ಹೇಳಿದರೂ "ಅದಕ್ಕೆ ಆಧಾರ ಏನು?" ಎಂದು ಕೇಳುವ ಅಭ್ಯಾಸ. ಫಲಕಗಳನ್ನು ಅಮ್ಮ ಶೋಕೇಸಿನಲ್ಲಿಟ್ಟರು. ಅಭ್ಯಾಸವನ್ನು ಎಲ್ಲಿಡುವುದೆಂದು ಅವರಿಗೆ ಇವತ್ತಿಗೂ ಗೊತ್ತಾಗಿಲ್ಲ.

ಹೀಗಿರುವಾಗ ಮೈಸೂರಿನ ಒಂದು ಸಂಸ್ಥೆಯಿಂದ ನನಗೆ ಕೆಲಸ ಬಂತು. ಶಾಲೆಯ ಮಕ್ಕಳಿಗೆ ವಿಡಿಯೋ ಮೂಲಕ ಚರ್ಚೆ ಮಾಡುವುದನ್ನು ಕಲಿಸುವ ಸಂಸ್ಥೆ ಅದು. ಬೇಸಿಗೆ ರಜೆಯ ಒಂದು ಬ್ಯಾಚನ್ನು ಪ್ರಯೋಗಕ್ಕೆಂದು ನನ್ನ ಕೈಗೆ ಕೊಟ್ಟರು. ಬೆಳಿಗ್ಗೆ ಹತ್ತಕ್ಕೆ ತರಗತಿ. ಹುಟ್ಟಿದಾರಭ್ಯ ಯಾವ ಗುಣಕ್ಕಾಗಿ ಮನೆಯಲ್ಲಿ ಬೈಸಿಕೊಂಡಿದ್ದೇನೋ ಅದೇ ಗುಣಕ್ಕೆ ಸಂಬಳ ಕೊಡುವ ಜಾಗ ಜಗತ್ತಿನಲ್ಲಿ ಇನ್ನೊಂದು ಸಿಗುವುದಿಲ್ಲ ಎಂಬುದು ನನಗೆ ಖಚಿತವಾಗಿತ್ತು. ಆದ್ದರಿಂದ ಆ ಬ್ಯಾಚು ನನ್ನ ಕೈ ತಪ್ಪಬಾರದಿತ್ತು.

ಮೊದಲ ತರಗತಿಯನ್ನು ಊಟದ ಮೇಜಿನಲ್ಲಿ ನಡೆಸಿದೆ. ಕ್ಯಾಮೆರಾ ಸರಿಯಿತ್ತು, ಬೆಳಕು ಸರಿಯಿತ್ತು, ನೆಟ್‌ವರ್ಕ್ ಅಪರೂಪಕ್ಕೆ ಸರಿಯಿತ್ತು. ಒಬ್ಬಳು ಹುಡುಗಿ ಚೆನ್ನಾಗಿ ವಾದಿಸುತ್ತ "ಆದ್ದರಿಂದ ಮಾನ್ಯ ತೀರ್ಪುಗಾರರೇ" ಎನ್ನುವಷ್ಟರಲ್ಲಿ ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಸಮಯ ಮುಗಿದ ಗಂಟೆ ಎಂದುಕೊಂಡು ಹುಡುಗಿ "ಧನ್ಯವಾದಗಳು" ಎಂದು ಕೂತುಬಿಟ್ಟಳು. ಎದುರು ಪಕ್ಷದ ಹುಡುಗ ಎದ್ದು ನಿಂತ. ಎರಡನೇ ಸೀಟಿಗೆ ಅವನೂ ಕೂತ. ಆಮೇಲೆ ಅಮ್ಮನ ಧ್ವನಿ ಬಂತು: "ಇನ್ನೊಂದು ಬಂದ್ರೆ ಆಫ್ ಮಾಡು ಮಗಾ, ನಾನು ಬಾವಿಕಟ್ಟೆಗೆ ಹೋಗಿ ಬರ್ತೇನೆ. ಹೇಗೂ ಕೂತಿದ್ದೀಯಲ್ಲ."

ಅದೇ ವಾರ ಸಂಸ್ಥೆಯ ಮುಖ್ಯಸ್ಥೆ ಫೋನ್ ಮಾಡಿದರು. ಬಹಳ ಮರ್ಯಾದೆಯಿಂದ ಮಾತಾಡುವ ಹೆಂಗಸು. ಮರ್ಯಾದೆ ಹೆಚ್ಚಾದಷ್ಟೂ ವಿಷಯ ಗಂಭೀರ. "ಪಾಠ ಚೆನ್ನಾಗಿದೆ. ಆದರೆ ನೀವು ಸಂತೆಯಲ್ಲಿ ಕೂತಿದ್ದೀರೋ ಅಡುಗೆಮನೆಯಲ್ಲಿ ಕೂತಿದ್ದೀರೋ ಅಂತ ಪೋಷಕರು ಕೇಳುತ್ತಿದ್ದಾರೆ. ಮುಂದಿನ ಸೋಮವಾರ ನಾನೇ ತರಗತಿಗೆ ಬಂದು ನೋಡುತ್ತೇನೆ. ಅಷ್ಟರಲ್ಲಿ ಮನೆಯಲ್ಲಿ ಒಂದು ಆಫೀಸು ಮಾಡಿಕೊಳ್ಳಿ. ಆಗದಿದ್ದರೆ ಹೇಳಿ, ಬ್ಯಾಚನ್ನು ಬೇರೆಯವರಿಗೆ ಕೊಡೋಣ."

ಹಾಗೆ ನಮ್ಮ ಮನೆಯಲ್ಲಿ ಆಫೀಸಿನ ಯೋಜನೆ ಶುರುವಾಯಿತು.

ನಾನು ವೈಜ್ಞಾನಿಕವಾಗಿ ಹೊರಟೆ. ಹಳೆಯ ಪೇಪರುಗಳನ್ನು ಅಂಟಿಸಿ ಮೇಜಿನ ಅಳತೆಯ ಒಂದು ಹಾಳೆ, ಕುರ್ಚಿಯ ಅಳತೆಯ ಇನ್ನೊಂದು ಹಾಳೆ ಮಾಡಿದೆ. ಅವನ್ನು ಒಂದೊಂದು ಕೋಣೆಯಲ್ಲಿ ಹಾಸಿ, ಹತ್ತರ ತರಗತಿಗೆ ಸ್ವಲ್ಪ ಮೊದಲು ಕುರ್ಚಿಯ ಹಾಳೆಯ ಮೇಲೆ ಕೂತು, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಯಾವ ಶಬ್ದ ಎಲ್ಲಿಂದ ಬರುತ್ತದೆ, ಚಪ್ಪಾಳೆ ತಟ್ಟಿದರೆ ಗೋಡೆ ಏನು ಹೇಳುತ್ತದೆ ಎಂದು ನೋಡುವುದು ನನ್ನ ಕ್ರಮ. ನೆಲದ ಮೇಲೆ ಪೇಪರು ಹಾಸಿ ಒಬ್ಬಳೇ ಕೂತು ಚಪ್ಪಾಳೆ ತಟ್ಟುತ್ತಿದ್ದ ನನ್ನನ್ನು ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ನಾನು ನೀರು ಕುಡಿದು ಬರುವಷ್ಟರಲ್ಲಿ ಮೇಜಿನ ಹಾಳೆಯ ತುಂಬ ಹಲಸಿನ ಬೀಜ ಹರವಿಟ್ಟಿದ್ದರು.

"ಅಜ್ಜಿ, ಇದು ನನ್ನ ಮೇಜು!"

"ಮೇಜು ಬಂದ ಮೇಲೆ ತೆಗೀತೇನೆ. ಅಷ್ಟರ ತನಕ ಬೀಜ ಒಣಗ್ಲಿ."

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ವಿಷಯವನ್ನು ಸಭೆಯ ಮುಂದಿಟ್ಟೆ. ಇಟ್ಟದ್ದು ತಪ್ಪಾಯಿತು. ನಮ್ಮ ಮನೆಯಲ್ಲಿ ವಾದಿಸುವುದನ್ನು ಕಲಿತವಳು ನಾನೊಬ್ಬಳೇ ಎಂಬ ಭ್ರಮೆ ಅಲ್ಲಿಯವರೆಗೆ ಇತ್ತು.

ಅಪ್ಪ ಮೊದಲು ಶುರು ಮಾಡಿದರು. "ಚಾವಡಿಯ ಆ ಕಿಟಕಿ ಹತ್ರ ಇಡು. ಪೂರ್ವಕ್ಕೆ ಮುಖ ಮಾಡಿ ಕೂತ್ಕೊಂಡ್ರೆ ಒಳ್ಳೇದಂತೆ."

"ಯಾರು ಹೇಳಿದ್ದು?"

"ಹೇಳ್ತಾರೆ."

"ಹೇಳ್ತಾರೆ ಅಂದ್ರೆ ಯಾರು?"

"ನೀನು ಹೀಗೆ ಕೇಳ್ತಿ ಅಂತ ಗೊತ್ತಿದ್ದಿದ್ರೆ ಹೆಸ್ರು ಕೇಳಿ ಇಟ್ಕೊಳ್ತಿದ್ದೆ ಮಾರಾಯ್ತಿ."

ಪೂರ್ವದ ಮಹಿಮೆಗೆ ಬೇರೆ ಕಾರಣವಿತ್ತು. ತೋಟಕ್ಕೆ ನೀರು ಹಾಯಿಸುವ ಪಂಪು ತ್ರೀ ಫೇಸ್ ಕರೆಂಟು ಬಂದಾಗ ಮಾತ್ರ ಓಡುತ್ತದೆ. ಆ ಕರೆಂಟು ಯಾವಾಗ ಬರುತ್ತದೆ ಎಂಬುದು ಕರೆಂಟಿಗೂ ಗೊತ್ತಿರುವುದಿಲ್ಲ. ಬಂದದ್ದು ತಿಳಿಯಲೆಂದು ಅಪ್ಪ ಪಂಪ್‌ಶೆಡ್ಡಿನ ಹೊರಗೆ ಒಂದು ಬಲ್ಬು ಕಟ್ಟಿದ್ದಾರೆ. ಅದು ಕಾಣುವುದು ಪೂರ್ವದ ಕಿಟಕಿಯಿಂದ ಮಾತ್ರ.

"ಅಪ್ಪ, ಬಲ್ಬು ನೋಡ್ಲಿಕ್ಕೆ ನನ್ನನ್ನು ಕೂರಿಸುದಾ?"

"ನೋಡು ಅಂತ ಯಾರು ಹೇಳಿದ್ದು? ಕಂಡ್ರೆ ಎದ್ದು ಹೋಗಿ ಸ್ವಿಚ್ ಹಾಕುದು. ಅಷ್ಟೇ."

ಅಮ್ಮ ಅನ್ನ ಬಡಿಸುತ್ತಲೇ ಅಪ್ಪನ ವಾದವನ್ನು ಖಂಡಿಸಿದರು. ಚಾವಡಿಯಲ್ಲಿ ಫ್ಯಾನು ಶಬ್ದ ಮಾಡುತ್ತದೆ, ಬಿಸಿಲು ನೇರ ಮುಖಕ್ಕೆ ಬೀಳುತ್ತದೆ ಎಂದು ಎರಡು ಒಳ್ಳೆಯ ಅಂಶಗಳನ್ನು ಮಂಡಿಸಿದರು. ನಾನು ತಲೆದೂಗುತ್ತಿರುವಾಗಲೇ "ಅದಕ್ಕೇ ಹೇಳುದು, ಅಡುಗೆಮನೆ ಬಾಗಿಲ ಹತ್ರ ಇಟ್ರೆ ತಂಪು" ಎಂದು ಮುಗಿಸಿದರು.

"ಮತ್ತೆ ಕುಕ್ಕರ್ ನೋಡುದು ನಾನೇ."

"ನೋಡಿದ್ರೆ ಕಣ್ಣು ಸವೆಯುದಿಲ್ಲ."

ಅಜ್ಜಿ ಎಲ್ಲರ ಮಾತು ಮುಗಿಯಲೆಂದು ಕಾದರು. ಕೊನೆಗೆ ಮಾತಾಡುವವರಿಗೆ ಎಷ್ಟು ಲಾಭ ಎಂಬುದನ್ನು ನಾನು ಮಕ್ಕಳಿಗೆ ಒಂದು ಇಡೀ ತರಗತಿ ತೆಗೆದುಕೊಂಡು ಕಲಿಸುತ್ತೇನೆ. "ನನ್ನ ಮಂಚದ ಹತ್ರ ಇಡು. ಅಲ್ಲಿ ಶಬ್ದವೇ ಇಲ್ಲ. ನಾನಂತೂ ಮಾತಾಡುದೇ ಇಲ್ಲ."

"ಅಜ್ಜಿ, ನೀವು ಮಾತಾಡದೆ ಇದ್ದದ್ದು ಯಾವಾಗ?"

"ನೀನು ಮಾತಾಡುವಾಗ. ಆಗ ಬೇರೆಯವರಿಗೆ ಸಂದು ಎಲ್ಲಿ ಸಿಗ್ತದೆ?"

ಅಪ್ಪ ನಗುತ್ತ ನಗುತ್ತ ಮಜ್ಜಿಗೆ ನೆತ್ತಿಗೇರಿಸಿಕೊಂಡರು.

ನಾನು ಸೋಲುವವಳಲ್ಲ. ಮೂವರಿಗೂ ಒಂದೇ ಉತ್ತರ ಕೊಟ್ಟೆ. ನೀವು ಮೂವರೂ ಆಫೀಸಿಗೆ ಜಾಗ ಹೇಳುತ್ತಿಲ್ಲ, ಒಬ್ಬ ಕಾವಲುಗಾರ್ತಿಗೆ ಜಾಗ ಹೇಳುತ್ತಿದ್ದೀರಿ. ಆಫೀಸಿಗೆ ಬೇಕಾದದ್ದು ಮುಚ್ಚುವ ಬಾಗಿಲು. ನಮ್ಮ ಮನೆಯಲ್ಲಿ ಹೊರಗಿನ ಶಬ್ದ ಬಾರದ, ಯಾರಿಗೂ ಏನನ್ನೂ ಕಾಯಲು ಉಪಯೋಗವಿಲ್ಲದ ಕೋಣೆ ಒಂದೇ: ಹಿಂದಿನ ಉಗ್ರಾಣ. ಅಲ್ಲಿಂದ ಬಲ್ಬು ಕಾಣುವುದಿಲ್ಲ, ಕುಕ್ಕರ್ ಕೇಳುವುದಿಲ್ಲ, ಅಜ್ಜಿಯ ಮಂಚ ಆಚೆ ಕೊನೆಯಲ್ಲಿ. ಅದೇ ಅದರ ಅರ್ಹತೆ.

ನಿರ್ಣಯ ಅಂಗೀಕಾರವಾಯಿತು ಎಂದು ನಾನು ಘೋಷಿಸಿದೆ. "ಕೈ ತೊಳಿ ಮೊದ್ಲು" ಎಂದರು ಅಮ್ಮ.

ಉಗ್ರಾಣವನ್ನು ನಾನು ನಿಜಕ್ಕೂ ಚೆನ್ನಾಗಿ ಮಾಡಿದೆ, ಇವತ್ತಿಗೂ ಹೇಳುತ್ತೇನೆ. ಅಡಿಕೆ ಗೋಣಿಗಳನ್ನು ಹೊರಗೆ ಹಾಕುವ ಬದಲು ಎರಡು ಗೋಡೆಗೆ ಒತ್ತಿ ಪೇರಿಸಿದೆ. ಚಪ್ಪಾಳೆ ತಟ್ಟಿದರೆ ಗೋಣಿಗಳು ಶಬ್ದವನ್ನು ನುಂಗಿಬಿಡುತ್ತಿದ್ದವು. ಮೇಲಿನ ಕಿಂಡಿಯ ಬೆಳಕು ಪರದೆಗೆ ಬೀಳದೆ ಎಡಗಡೆಯಿಂದ ಮುಖಕ್ಕೆ ಬೀಳುವ ಹಾಗೆ ಮೇಜನ್ನು ಅಡ್ಡ ತಿರುಗಿಸಿದೆ. ಪರದೆ ಕಣ್ಣಿನ ನೇರಕ್ಕೆ ಬರಬೇಕೆಂದು ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದ ಮೇಲೆ ಕೂರಿಸಿದೆ. ಬೆನ್ನಿಗೆ ದಿಂಬು, ಕಾಲಿಗೆ ಊಟದ ಮಣೆ.

"ಮಣೆಗೆ ಕಾಲಿಡುದಾ!" ಎಂದು ಅಜ್ಜಿ ಬಾಗಿಲಲ್ಲೇ ನಿಂತರು.

"ಮಣೆ ಮೇಲೆ ಕೂರ್ತೇವಲ್ಲ ಅಜ್ಜಿ. ಕೂರುವ ಭಾಗಕ್ಕಿಂತ ಕಾಲು ಕೀಳಾ?"

ಅಜ್ಜಿ ಇದನ್ನು ಯೋಚಿಸುತ್ತ ಹೋದರು. ಸಂಜೆ ವಾಪಸು ಬಂದು, "ಹೌದು, ಆದ್ರೂ ತೆಗಿ" ಎಂದರು. ತೆಗೆದು ಒಂದು ಇಟ್ಟಿಗೆ ಇಟ್ಟುಕೊಂಡೆ.

ಮರುದಿನ ತರಗತಿಗೆ ಒಳಗೆ ಹೋಗಿ ಚಿಲಕ ಹಾಕಿದೆ. ಎಂಥ ಮೌನ! ಅಂದಿನ ವಿಷಯ ರಜೆಯ ಹೋಂವರ್ಕ್. ವಿರೋಧಿಸುವುದು ಹೇಗೆಂದು ಮಕ್ಕಳಿಗೆ ತೋರಿಸಲು ನಾನೇ ಎದ್ದು ನಿಂತು ಆವೇಶದಿಂದ ಮಾತಾಡಿದೆ. "ಈ ನಿರ್ಧಾರವನ್ನು ನಾನು ಒಪ್ಪುವುದೇ ಇಲ್ಲ! ನನ್ನ ಬದುಕಿನ ಸಮಯವನ್ನು ನನ್ನನ್ನು ಕೇಳದೆ ತೀರ್ಮಾನಿಸುವ ಹಕ್ಕು ನಿಮಗೆ ಕೊಟ್ಟವರು ಯಾರು?"

ಮೌನ ಒಳಗಿನದಾಗಿತ್ತು. ಹೊರಗೆ ಏನಾಗುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಗುಡ್ಡೆಯ ಮೇಲಿನ ರಬ್ಬರ್ ತೋಟದವರು ಒಂದು ತಲೆಮಾರಿನ ಹಿಂದೆ ಕೇರಳದಿಂದ ಬಂದು ನೆಲೆಸಿದವರು. ಆ ಮನೆಯ ಹೆಂಗಸನ್ನು ನಾವೆಲ್ಲ ಚೇಚಿ, ಅಂದರೆ ಅವರ ಭಾಷೆಯಲ್ಲಿ ಅಕ್ಕ, ಎಂದೇ ಕರೆಯುವುದು. ಮರಗಳಿಂದ ಹಾಲು ತೆಗೆಯುವ ಟ್ಯಾಪಿಂಗ್ ಮುಗಿಸಿ, ಆ ಹಾಲನ್ನು ಶೀಟು ಹೊಡೆದು, ಆ ಹೊತ್ತಿಗೆ ಹಿತ್ತಿಲ ಬಾಗಿಲಿನಿಂದ ನಮ್ಮಲ್ಲಿಗೆ ಬರುವುದು ಚೇಚಿಯ ರೂಢಿ. ಅಂದು ಮರಗೆಣಸು ಹಿಡಿದುಕೊಂಡು ಬಂದವರಿಗೆ ಮೊದಲು ಕಂಡದ್ದು ಹಗಲು ಹೊತ್ತಿನಲ್ಲಿ ಮುಚ್ಚಿದ ಬಾಗಿಲು. ನಮ್ಮಲ್ಲಿ ಕೋಣೆಯ ಬಾಗಿಲು ಹಗಲು ಮುಚ್ಚುವುದಿಲ್ಲ. ಮುಚ್ಚಿದರೆ ಒಳಗೆ ಜ್ವರ ಇರಬೇಕು, ಇಲ್ಲವೇ ಜಗಳ.

"ಬಾಗಿಲು ಎಂತಕ್ಕೆ ಹಾಕಿದ್ದು?"

"ಕ್ಲಾಸು ಅಂತೆ," ಎಂದರು ಅಮ್ಮ.

"ಕ್ಲಾಸಿಗೆ ಚಿಲಕ ಎಂತಕ್ಕೆ?"

ಅಮ್ಮನಿಗೂ ಅದು ಸರಿಯಾದ ಪ್ರಶ್ನೆಯೆಂದೇ ಕಂಡಿತು.

"ಒಳಗೆ ಯಾರತ್ರ ಅಷ್ಟು ಜೋರು ಮಾತಾಡುದು?"

"ಮಕ್ಕಳತ್ರ."

"ಮಕ್ಕಳ ಸ್ವರ ಕೇಳುದಿಲ್ಲವಲ್ಲ!"

ಮಕ್ಕಳ ಸ್ವರ ನನ್ನ ಹೆಡ್‌ಫೋನಿನಲ್ಲಿತ್ತು. ಚೇಚಿ ಕೇಳಿಸಿಕೊಂಡದ್ದು ಕತ್ತಲೆ ಉಗ್ರಾಣದಲ್ಲಿ ಮದುವೆ ಪ್ರಾಯದ ಹುಡುಗಿಯೊಬ್ಬಳು ಚಿಲಕ ಹಾಕಿಕೊಂಡು, "ಒಪ್ಪುವುದೇ ಇಲ್ಲ", "ನನ್ನ ಬದುಕು" ಎಂದು ಒಬ್ಬಳೇ ಕಿರುಚುತ್ತಿದ್ದುದನ್ನು. ಸಿಕ್ಕ ಸಾಕ್ಷ್ಯದಿಂದ ಚೇಚಿ ತಲುಪಿದ ತೀರ್ಮಾನವನ್ನು ನಾನು ದೂರಲಾರೆ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ತಲುಪುತ್ತಿದ್ದೆ.

ತೀರ್ಮಾನ ಅವತ್ತೇ ಫೋನಿನಲ್ಲಿ ಹೊರಟು ಕಲ್ಲುಗುಂಡಿಯಲ್ಲಿರುವ ದೊಡ್ಡಮ್ಮನನ್ನು ಮುಟ್ಟಿತು. ಅಮ್ಮನ ಅಕ್ಕ. ನಡುವೆ ಯಾರು ಯಾರು ಏನೇನು ಸೇರಿಸಿದರೋ, ಮರುದಿನ ಬೆಳಿಗ್ಗೆ ದೊಡ್ಡಮ್ಮ ಸುಳ್ಯದಲ್ಲಿ ಬಸ್ಸು ಬದಲಿಸಿ ನಮ್ಮ ಮನೆಗೆ ಬಂದರು. ಕೈಯಲ್ಲಿ ನನಗಿಷ್ಟವೆಂದು ಬಾಳೆಕಾಯಿ ಚಿಪ್ಸು, ಕಣ್ಣಲ್ಲಿ ನೀರು. ಚೀಲ ಕೆಳಗಿಡದೆ, ಅಮ್ಮ ತಡೆಯುವ ಮೊದಲೇ ಉಗ್ರಾಣದ ಬಾಗಿಲಿಗೆ ಬಂದು ಬಡಿದರು. ತರಗತಿ ಅರ್ಧಕ್ಕೆ ಬಂದಿತ್ತು.

"ಮಗಾ, ಬಾಗಿಲು ತೆಗಿ. ಆ ಹುಡುಗ ಬೇಡದಿದ್ರೆ ಬೇಡ. ಯಾರೂ ಒತ್ತಾಯ ಮಾಡುದಿಲ್ಲ. ನಾನಿದ್ದೇನೆ."

ಪರದೆಯ ಮೇಲೆ ಒಂದು ಪುಟ್ಟ ಕೈ ಎದ್ದಿತು. "ಮಿಸ್, ಯಾವ ಹುಡುಗ?"

ಯಾವ ಹುಡುಗನೂ ಇರಲಿಲ್ಲ. ಅದನ್ನು ಮಕ್ಕಳು ನಂಬಿದರು. ದೊಡ್ಡಮ್ಮ ನಂಬಲಿಲ್ಲ. "ಇಲ್ಲದಿದ್ರೆ ಬಾಗಿಲು ಹಾಕುದು ಯಾಕೆ?" ಎಂಬ ಒಂದು ಪ್ರಶ್ನೆಯನ್ನು ಅವರು ಚಿಪ್ಸು ಮುಗಿಯುವವರೆಗೂ ಬಿಡಲಿಲ್ಲ. ಕಾಣದಿದ್ದುದೇ ಇರುವುದಕ್ಕೆ ಸಾಕ್ಷಿ ಎನ್ನುವವರ ಎದುರು ಯಾವ ತರಬೇತಿಯೂ ನಡೆಯುವುದಿಲ್ಲ.

ಸೋಮವಾರ ಹತ್ತಿರ ಬರುತ್ತಿತ್ತು. ಬಾಗಿಲಿಗೆ ಹೊರಗಿನಿಂದ "ತರಗತಿ ನಡೆಯುತ್ತಿದೆ" ಎಂದು ಬೋರ್ಡು ಹಾಕುವುದೆಂದು ನಾನು ಹೊರಟಾಗ ಅಮ್ಮ ತಡೆದರು. ತೆಂಗಿನಕಾಯಿ ತುರಿಯುತ್ತಿದ್ದವರು ತುರಿಮಣೆಯಿಂದ ಏಳದೆಯೇ ಮಾತು ಶುರು ಮಾಡಿದರು.

"ಬೋರ್ಡು ಹಾಕಿದ್ರೆ ಅದನ್ನು ಓದ್ಲಿಕ್ಕೆ ನಾಲ್ಕು ಜನ ಬಂದು ನಿಲ್ತಾರೆ. ನೀನು ಅಡಗಿ ಕೂತದ್ದೇ ತಪ್ಪು. ಕಾಣದಿದ್ರೆ ಜನ ಕರೀತಾರೆ. ಕಂಡ್ರೆ ಕರೆಯುದಿಲ್ಲ."

"ಅದಕ್ಕೆ ಆಧಾರ?"

"ಅಜ್ಜಿ ದೇವರೆದುರು ಜಪಕ್ಕೆ ಕೂರುವಾಗ ಬಾಗಿಲು ಹಾಕ್ತಾರಾ? ಇಲ್ಲ. ಯಾರಾದ್ರೂ ಕರೀತಾರಾ? ಇಲ್ಲ. ಕೂತದ್ದು ಎಂತಕ್ಕೆ ಅಂತ ಕಣ್ಣಿಗೆ ಕಂಡ್ರೆ ಸುಮ್ಮನಾಗ್ತಾರೆ. ಜಗಲಿಯಲ್ಲಿ ಕೂತ್ಕೊ."

"ಜಗಲಿಯಲ್ಲಾ? ಅದು ಬಸ್‌ಸ್ಟ್ಯಾಂಡ್!"

"ಬಸ್‌ಸ್ಟ್ಯಾಂಡಲ್ಲಿ ಟಿಕೆಟ್ ಕೊಡುವವ ಕೆಲಸ ಮಾಡುದಿಲ್ವಾ?"

ಒಂದು ಉದಾಹರಣೆಯಿಂದ ಸಾಮಾನ್ಯ ತತ್ವ ಹೊರಡುವುದಿಲ್ಲ ಎಂದೆ. ಆದರೆ ಪರೀಕ್ಷೆ ಮಾಡದೆ ತಳ್ಳಿಹಾಕುವುದೂ ಸರಿಯಲ್ಲ. ಭಾನುವಾರ ತರಗತಿ ಇರಲಿಲ್ಲ. ಮೇಜನ್ನು ಜಗಲಿಗೆ ಸಾಗಿಸಿದೆವು. ಬೆನ್ನ ಹಿಂದೆ ಖಾಲಿ ಗೋಡೆ, ಎದುರಿಗೆ ಅಂಗಳ ದಾಟಿ ಗೇಟು. ಯಾರು ಬಂದರೂ ಅವರು ಕೂಗುವ ಮೊದಲೇ ನನಗೆ ಕಾಣಬೇಕು, ನಾನು ಅವರಿಗೆ ಕಾಣಬೇಕು. ಬಂದವರು ಕೂರುವ ಮರದ ಬೆಂಚು ಅದೇ ಗೋಡೆಗೆ, ಪಕ್ಕಕ್ಕೆ. ಹೆಡ್‌ಫೋನ್ ಹಾಕಿಕೊಂಡು, ಖಾಲಿ ಪರದೆಯ ಎದುರು ಸುಮ್ಮನೆ ಬಾಯಿ ಆಡಿಸುತ್ತ ಕೂತೆ.

ಮೀನಿನವನ ಸ್ಕೂಟರ್ ಬಂತು. ಅವನು ಹಾರ್ನಿನ ಮೇಲೆ ಹೆಬ್ಬೆರಳಿಟ್ಟರೆ ಕಡಬ ಪೇಟೆಗೆ ಕೇಳುವುದು. ನಾನು ಅಂಗೈ ಎತ್ತಿದೆ. ಅವನು ಹೆಬ್ಬೆರಳು ತೆಗೆದ. ಸ್ಕೂಟರನ್ನು ತಳ್ಳಿಕೊಂಡೇ ಒಳಗೆ ಬಂದು, ಅಮ್ಮನಿಗೆ ಬಂಗುಡೆಯೊಂದನ್ನು ಎತ್ತಿ ತೋರಿಸಿದ. ಅಮ್ಮ ಕೈಯಲ್ಲೇ ಎಷ್ಟು ಎಂದು ಕೇಳಿದರು. ಅವನು ಬೆರಳು ತೋರಿಸಿದ. ಅಮ್ಮ ಒಂದು ಬೆರಳು ಮಡಚಿದರು. ಅವನು ಎದೆಗೆ ಕೈಯಿಟ್ಟುಕೊಂಡು ಆಕಾಶ ನೋಡಿದ. ಅಮ್ಮ ಮುಖ ತಿರುಗಿಸಿ ಒಳಗೆ ಹೋಗುವಂತೆ ಮಾಡಿದರು. ಅವನು ಬೆರಳು ಮಡಚಿದ. ಅಮ್ಮನ ಚೌಕಾಸಿ ಇಷ್ಟು ಬೇಗ ಮುಗಿದದ್ದನ್ನು ನಾನು ನೋಡಿರಲಿಲ್ಲ. ಹಿತ್ತಿಲ ಕಡೆಯಿಂದ ಬಂದ ಚೇಚಿ ನನ್ನನ್ನು ಕಂಡು, "ಓ, ಇದಾ ಕ್ಲಾಸು" ಎಂದು ಪಿಸುಗುಟ್ಟಿ, ಕಾಲ್ಬೆರಳ ತುದಿಯಲ್ಲಿ ನಡೆದು ಒಳಗೆ ಹೋದರು.

ಸಾಕ್ಷ್ಯ ನನ್ನ ವಿರುದ್ಧವಿತ್ತು. ಒಪ್ಪಿದೆ. ಸಂದೇಹವಾದಿಗೆ ಒಪ್ಪುವುದು ಕಷ್ಟವಲ್ಲ. ಅಮ್ಮನ ಎದುರು ಒಪ್ಪುವುದು ಕಷ್ಟ.

ಸೋಮವಾರ ಹತ್ತಕ್ಕೆ ಮೊದಲೇ ಮುಖ್ಯಸ್ಥೆ ಪರದೆಯ ಮೇಲಿದ್ದರು. ನಗಲಿಲ್ಲ. ಮಕ್ಕಳಲ್ಲಿ ಅರ್ಧದಷ್ಟು ಎಂದಿನ ಹಾಗೆ ಕ್ಯಾಮೆರಾ ಆರಿಸಿಕೊಂಡು ಕಪ್ಪು ಚೌಕಗಳಾಗಿದ್ದರು. ಕುಕ್ಕರನ್ನು ಇನ್ನೂ ನಮ್ಮಲ್ಲೇ ಉಳಿದಿದ್ದ ದೊಡ್ಡಮ್ಮನ ಸುಪರ್ದಿಗೆ ಕೊಟ್ಟಿದ್ದೆ. ಬರುವ ಮೊದಲೇ ಸೀಟಿಯನ್ನು ತಡೆಯುವುದಾಗಿ ಅವರು ಮಾತು ಕೊಟ್ಟಿದ್ದರು, ಹೇಗೆಂದು ನಾನು ಕೇಳಲಿಲ್ಲ. ಅಂದಿನ ವಿಷಯ: ಮನೆಯಲ್ಲಿ ಹಿರಿಯರ ಮಾತೇ ಕೊನೆಯ ಮಾತಾಗಬೇಕು. ಪರವಾಗಿ ಒಬ್ಬಳು ಹುಡುಗಿ ಶುರು ಮಾಡಿದಳು. ಅಂಗಳ ನಿಶ್ಶಬ್ದ. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎನ್ನುವಾಗ ಗೇಟು ತೆರೆಯಿತು.

ಕೆದಂಬಾಡಿಯ ದಂಪತಿಗಳು, ಅಪ್ಪನ ದೂರದ ಸಂಬಂಧಿಕರು. ಗಂಡನ ಕಂಕುಳಲ್ಲಿ ಕಾಗದಗಳ ಚೀಲ, ಹೆಂಡತಿಯ ಕೈಯಲ್ಲಿ ಛತ್ರಿ. ನೋಡಿದ ಕೂಡಲೇ ಗೊತ್ತಾಯಿತು, ಮದುವೆಗೆ ಕರೆಯಲು ಬಂದವರು. ಬೇಸಿಗೆಯಲ್ಲಿ ನಮ್ಮ ಕಡೆ ಇಂಥವರು ತಪ್ಪುವುದಿಲ್ಲ. ವಾಟ್ಸಾಪಿನಲ್ಲಿ ಮದುವೆ ಕಾಗದ ಕಳಿಸಿದರೆ ಅದು ಸುದ್ದಿ. ಮನೆಗೆ ಬಂದು, ಕೂತು, ಬಾಯಾರಿಕೆಗೆ ಕೊಟ್ಟದ್ದನ್ನು ಕುಡಿದು, ಎದುರಿಗಿದ್ದವರೆಲ್ಲರ ಮುಖ ನೋಡಿ ಹೇಳಿದರೆ ಮಾತ್ರ ಅದು ಕರೆ.

ನಾನು ಅಂಗೈ ಎತ್ತಿದೆ. ಅವರು ಅಂಗಳದ ನಡುವೆಯೇ ನಿಂತರು. ಜಗಲಿಯ ಮೂಲೆಯಲ್ಲಿ ಕೂತಿದ್ದ ಅಜ್ಜಿ ಎದ್ದು ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಹೇಳಿದ್ದೇನೆಂದು ಆಮೇಲೆ ತಿಳಿಯಿತು: "ತಾಳಮದ್ದಳೆ ಹಾಗೆ. ವಾದ ನಡೀತಾ ಉಂಟು."

ತಾಳಮದ್ದಳೆ ಎಂದ ಮೇಲೆ ಬೇರೆ ವಿವರಣೆ ಬೇಕಿಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಕೃಷ್ಣನೂ ಕೌರವನೂ ಬೆಳಗಿನವರೆಗೆ ವಾದಿಸುವುದನ್ನು ಕೆಮ್ಮದೆ ಕೇಳಿ ಬೆಳೆದ ಜನ ನಮ್ಮವರು. ಯಾವ ಕೋಣೆಗೂ ಯಾವ ಗೋಣಿಗೂ ಆಗದ ಮೌನ ಅವರಿಗೆ ಸಲೀಸು. ಇಬ್ಬರೂ ಚಪ್ಪಲಿ ಬಿಟ್ಟು, ಕಾಲು ತೊಳೆದು, ಬೆಂಚಿನ ಮೇಲೆ ಕೂತರು. ಆ ಯಜಮಾನರು ಮಾತ್ರ ಕೂತಲ್ಲಿಂದ ಸ್ವಲ್ಪ ಸ್ವಲ್ಪವೇ ಪರದೆಯ ಕಡೆ ಜರುಗುತ್ತಿದ್ದರು. ನನ್ನ ಚಿತ್ರದ ಅಂಚಿನಲ್ಲಿ ಮೊದಲು ಒಂದು ಮೊಣಕಾಲು ಕಂಡಿತು, ಆಮೇಲೆ ಒಂದು ಭುಜ. ಸರಿಯಾಗಿ ಕೇಳಿಸಬೇಕೆಂದು ಅವರು ಕಿವಿಗೆ ಕೈ ಕೊಟ್ಟದ್ದು ಕಂಡು ಅಜ್ಜಿ ಬಂದು, ನನ್ನನ್ನು ಕೇಳದೆ, ಹೆಡ್‌ಫೋನಿನ ವೈರು ಕಿತ್ತರು. ಮಕ್ಕಳ ಸ್ವರ ಜಗಲಿ ತುಂಬಿತು.

ಎದುರು ಪಕ್ಷದ ಹುಡುಗ ಮಾತಾಡುತ್ತಿದ್ದ. "ಹಿರಿಯರು ಅನುಭವ ಅನುಭವ ಅಂತಾರೆ. ಒಂದೇ ತಪ್ಪನ್ನು ಬಹಳ ವರ್ಷ ಮಾಡಿದರೂ ಅದಕ್ಕೆ ಅನುಭವ ಅಂತಲೇ ಹೆಸರು!"

"ಹಾಂ!" ಎಂದು ಯಜಮಾನರು ತೊಡೆ ತಟ್ಟಿದರು. "ಅದು ಪಾಯಿಂಟು! ಕೊಟ್ಟ ನೋಡಿ ಪೆಟ್ಟು!"

"ಪೆಟ್ಟು ನಿಮಗೇ ಕೊಟ್ಟದ್ದು," ಎಂದರು ಹೆಂಡತಿ.

"ಯಾರಿಗಾದ್ರೆ ಎಂತ? ಪೆಟ್ಟು ಪೆಟ್ಟೇ."

ಪರದೆಯ ಮೇಲೆ ಮುಖ್ಯಸ್ಥೆಯ ಮ್ಯೂಟ್ ಗುರುತು ಮಾಯವಾಯಿತು. "ಯಾರದು ಮಾತಾಡಿದ್ದು?"

ಬ್ಯಾಚು ಹೋಯಿತು ಎಂದುಕೊಂಡೆ. "ಮೇಡಂ, ಇವರು ಮದುವೆಗೆ ಹೇಳಲಿಕ್ಕೆ ಬಂದವರು," ಎಂದೆ.

ಹಾಗೆ ಹೇಳಿದ್ದೇ ಯಜಮಾನರಿಗೆ ತಮ್ಮ ಕೆಲಸದ ನೆನಪಾಯಿತು. ಎದ್ದು ನಿಂತು, ಶಲ್ಯ ಸರಿಮಾಡಿಕೊಂಡು, ಪರದೆಯ ತುಂಬ ಇದ್ದ ಮುಖಗಳನ್ನು ನೋಡಿದರು. ಅವರ ಸಂಕಟ ನನಗೆ ಅರ್ಥವಾಯಿತು. ಎದುರಿಗೆ ಇಷ್ಟು ಜನ ಇರುವಾಗ ಮನೆಯ ನಾಲ್ವರಿಗೆ ಹೇಳಿ ಉಳಿದವರನ್ನು ಬಿಟ್ಟು ಹೋಗುವುದು ಹೇಗೆ? ಒಬ್ಬರನ್ನು ಕಂಡೂ ಕರೆಯದಿದ್ದರೆ ಅದು ತಲೆಮಾರುಗಟ್ಟಲೆ ಉಳಿಯುವ ದೂರು. ಚೀಲದಿಂದ ಒಂದು ಕಾಗದ ತೆಗೆದು ಕ್ಯಾಮೆರಾದ ಎದುರು ಹಿಡಿದರು.

"ಸಣ್ಣ ಮಗನ ಮದುವೆ. ಎಲ್ಲರೂ ಬರ್ಬೇಕು. ಮನೆಯವರನ್ನೂ ಕರ್ಕೊಂಡು, ಒಂದು ದಿನ ಮುಂಚೆಯೇ ಬರ್ಬೇಕು. ಇದನ್ನೇ ಹೇಳಿಕೆ ಅಂತ ತಿಳ್ಕೊಳ್ಬೇಕು, ಮನೆಗೆ ಬರ್ಲಿಲ್ಲ ಅಂತ ಬೇಜಾರು ಮಾಡ್ಲಿಕ್ಕಿಲ್ಲ."

"ಅಂಕಲ್, ಐಸ್‌ಕ್ರೀಮ್ ಇರುತ್ತಾ?" ಎಂದಿತು ಒಂದು ಸ್ವರ.

"ಉಂಟು ಉಂಟು. ಎರಡು ನಮೂನೆ."

ಅಜ್ಜಿ ನನ್ನ ಹೆಗಲ ಮೇಲಿಂದ ಬಗ್ಗಿದರು. "ಆ ಕಪ್ಪು ಕಪ್ಪು ಡಬ್ಬಿಯೊಳಗೂ ಮಕ್ಕಳಿದ್ದಾರಂತೆ. ಅವರನ್ನು ಬಿಡ್ಬೇಡಿ."

"ಹೋ, ಅವರೂ ಬರ್ಬೇಕು. ಮುಖ ಕಾಣುದಿಲ್ಲ, ಯಾರಿಗೆ ಹೇಳಿದ್ದು ಅಂತ ಗೊತ್ತಾಗ್ಬೇಕಲ್ಲ?"

ಒಂದು ಕಪ್ಪು ಚೌಕದಲ್ಲಿ ಬೆಳಕಾಯಿತು. ಹಾಸಿಗೆಯಲ್ಲಿ ಮಲಗಿದ್ದ ಹುಡುಗನೊಬ್ಬ ಎದ್ದು ಕೂತು ತಲೆ ಸವರಿಕೊಂಡ. ಇನ್ನೊಂದು ಚೌಕ ತೆರೆಯಿತು, ಮತ್ತೊಂದು. ಎಷ್ಟು ಬೇಡಿದರೂ ನನಗೆ ಮುಖ ತೋರಿಸದವರು ಮದುವೆಯ ಕರೆಗೆ ಒಬ್ಬೊಬ್ಬರಾಗಿ ಬಂದು ಕೂತರು. ಯಜಮಾನರು ಒಬ್ಬೊಬ್ಬರಿಗೂ ಕೈ ಮುಗಿದರು. ಆಮೇಲೆ ಬೆಂಚಿಗೆ ಮರಳಿ, "ಹಾಂ, ಮುಂದೆ ನಡೀಲಿ. ಆ ಹುಡುಗನಿಗೆ ಈ ಹೆಣ್ಣು ಮಗು ಎಂತ ಉತ್ತರ ಕೊಡ್ತದೆ?" ಎಂದರು.

ಹೆಣ್ಣು ಮಗು ಉತ್ತರ ಕೊಟ್ಟಳು. ಎದುರಿಗೆ ಕೇಳುವವರಿದ್ದಾರೆಂದು ಸ್ವಲ್ಪ ಜೋರಾಗಿಯೇ ಕೊಟ್ಟಳು.

ಮಧ್ಯಾಹ್ನ ಮುಖ್ಯಸ್ಥೆಯ ಫೋನ್ ಬಂತು. ಮನೆಯವರೆಲ್ಲ ಬೇರೆ ಬೇರೆ ಕೆಲಸ ಹಿಡಿದು ನನ್ನ ಸುತ್ತಲೇ ಇದ್ದರು.

"ನಿಮ್ಮ ಆಫೀಸು ಆಫೀಸಿನ ಹಾಗಿಲ್ಲ," ಎಂದರು.

"ಹೌದು ಮೇಡಂ."

"ಕುಕ್ಕರ್ ಕೇಳಿಸಲಿಲ್ಲ, ಅದು ಒಳ್ಳೆಯದು. ಕ್ಯಾಮೆರಾ ಆರಿಸುವ ಆ ಮಕ್ಕಳನ್ನು ನಮಗೆ ಯಾರಿಗೂ ಇಷ್ಟು ದಿನ ಎಬ್ಬಿಸಲಾಗಿರಲಿಲ್ಲ. ಬ್ಯಾಚು ನಿಮ್ಮಲ್ಲೇ ಇರಲಿ. ಆದರೆ ಬೆಂಚನ್ನು ಸ್ವಲ್ಪ ದೂರ ಸರಿಸಿ. ಯಾವುದು ಪಾಯಿಂಟು ಎಂದು ಹೇಳುವುದು ನಿಮ್ಮ ಕೆಲಸ."

ನಾನು ಥ್ಯಾಂಕ್ಸ್ ಹೇಳಿದೆ. ಅವರು ಫೋನ್ ಇಡಲಿಲ್ಲ.

"ಇನ್ನೊಂದು ವಿಷಯ. ಅವರು ನನಗೂ ಹೇಳಿದ್ದಾ, ಮಕ್ಕಳಿಗೆ ಮಾತ್ರವಾ?"

"ನಿಮಗೂ ಮೇಡಂ. ನಿಮ್ಮ ಕಡೆ ನೋಡಿ ಕೈ ಮುಗಿದರಲ್ಲ."

"ಹೋಗದಿದ್ದರೆ?"

"ಏನಿಲ್ಲ ಮೇಡಂ. ಇನ್ನೊಮ್ಮೆ ಬಂದಾಗ ಕೇಳುತ್ತಾರೆ."

ಅವರು ತಾರೀಕನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡರು.

ಸಂಜೆ ಬೆಂಚು ಸರಿಸಲು ಹೋದಾಗ ದೊಡ್ಡ ಜಗಳವೇ ಆಯಿತು. ಬೆಂಚು ದೂರ ಹೋದರೆ ಬಂದವರಿಗೆ ಕೇಳುವುದು ಹೇಗೆ ಎಂದು ಅಜ್ಜಿ. ದೂರ ಇಡುವುದೇ ಅವರಿಗೆ ಕೇಳಿಸದಿರಲಿ ಎಂದು ಎಂದೆ ನಾನು. ಹಾಗಾದರೆ ಅವರನ್ನು ಬಿಸಿಲಿನಲ್ಲಿ ನಿಲ್ಲಿಸುವುದಾ ಎಂದು ಅಮ್ಮ. ಕೊನೆಗೆ ಅಪ್ಪ ಒಂದು ತುದಿ, ನಾನು ಒಂದು ತುದಿ ಹಿಡಿದು, ಕ್ಯಾಮೆರಾಕ್ಕೆ ಕಾಣದಷ್ಟು ಆಚೆ, ಮಾತು ಕೇಳಿಸುವಷ್ಟು ಈಚೆ ಇಟ್ಟೆವು. ಮಂಗಳವಾರ ಬೆಳಿಗ್ಗೆ ನಾನು ಲ್ಯಾಪ್‌ಟಾಪು ಹಿಡಿದು ಜಗಲಿಗೆ ಬಂದಾಗ, ಬೆಳಗಿನ ಬಸ್ಸಿಗೆ ಕಲ್ಲುಗುಂಡಿಗೆ ಹೊರಡಬೇಕಿದ್ದ ದೊಡ್ಡಮ್ಮ ಬೆಂಚಿನ ನಡುವೆ ಕೂತಿದ್ದರು. ಒಂದು ಪಕ್ಕ ಅಜ್ಜಿ, ಇನ್ನೊಂದು ಪಕ್ಕ ಚೇಚಿ.

"ಬಸ್ಸು ಹೋಯ್ತಲ್ಲ ದೊಡ್ಡಮ್ಮ?"

"ಹೋಗ್ಲಿ. ಇವತ್ತು ಯಾರದ್ದು ಯಾರದ್ದು ವಾದ?"